ಸಾಹೇಬರು ತಾವೇ ಕೇಳಿದ ಔಟ್

ಒಮಾನಿನ ಹಮ್ರಿಯಾ ಬಡಾವಣೆಯ ಹಿಂದಿನ ವಾದಿ ಎಂದರೆ ಒಣಗಿದ ಹೊಳೆಯ ಪಾತ್ರ. ಎಂಬತ್ತರ ದಶಕದ ಕೊನೆಯಲ್ಲಿ ದುಡಿಯಲು ಹೋಗಿದ್ದ ನಾವು ಕರಾವಳಿಯವರು ರಜೆಯ ಶುಕ್ರವಾರ ಸಂಜೆ ಅಲ್ಲಿ ನಾರಿನ ಚಾಪೆ ಹಾಸಿ, ಮೊಳೆ ಹೊಡೆದು ಕ್ರಿಕೆಟ್ ಆಡುತ್ತಿದ್ದೆವು. ಹೆಂಡತಿ ಉಡುಪಿಯಲ್ಲಿದ್ದಳು. ವಾರದ ಉಳಿದ ಸಂಜೆಗಳಲ್ಲಿ ಏನು ಮಾಡುತ್ತಿದ್ದೆನೋ, ನೆನಪಿಲ್ಲ.

ಒಮ್ಮೆ ಬಿಳಿಯರೊಬ್ಬರು ಜೀಪಿನಲ್ಲಿ ಬಂದರು. ಒಮಾನ್ ಸೈನ್ಯದಲ್ಲಿ ಗುತ್ತಿಗೆಯ ಮೇಲಿದ್ದ ಮೇಜರ್. ಇಂಗ್ಲಿಷರೆಂದರೆ ತಕ್ಷಣ ತಿದ್ದುತ್ತಿದ್ದರು: ಐರ್ಲೆಂಡಿನವರು. ಊರಲ್ಲಿ ಹಾಕಿ, ರಗ್ಬಿ ಎಲ್ಲ ಆಡಿ ಮೊಣಕಾಲು ಕೆಡಿಸಿಕೊಂಡಿದ್ದರು. ಬಲೂಚಿ ಸಿಪಾಯಿಗಳಿಂದ ಕಲಿತ ಹರಕು ಹಿಂದಿಯಲ್ಲಿ, ತಮಗೂ ಜಾಗವಿದೆಯೇ ಎಂದು ಕೇಳಿದರು.

ಜಾಗವೇನೋ ಕೊಟ್ಟೆವು. ಆದರೆ ಅವರು ಬ್ಯಾಟು ಹಿಡಿದರೆ ನಮ್ಮ ಬೌಲರುಗಳ ಕೈ ಮೆತ್ತಗಾಗುತ್ತಿತ್ತು. ಯಾರೂ ಔಟ್ ಕೇಳುತ್ತಿರಲಿಲ್ಲ; ಕೇಳದೆ ಅಂಪೈರ್ ಕೊಡುವಂತಿಲ್ಲ. ವಯಸ್ಸಿನಲ್ಲಿ ಹಿರಿಯರು, ಅದರ ಮೇಲೆ ಮಿಲಿಟರಿಯವರು. ಸಾಕೆನಿಸಿದಾಗ ತಾವೇ ಬ್ಯಾಟು ಕೆಳಗಿಟ್ಟು, ಜೀಪಿನಲ್ಲಿ ಒಬ್ಬರೇ ಕೂತು ನೀರು ಕುಡಿಯುತ್ತಿದ್ದರು. ಇತ್ತ ನಾವು ಗೋಳಿಬಜೆ ಹಂಚಿಕೊಳ್ಳುತ್ತಿದ್ದೆವು. ಅವರನ್ನು ಕರೆಯಲು ಸಂಕೋಚ.

ನಾನು ಅಂಪೈರ್ ಆಗಿದ್ದ ಒಂದು ದಿನ, ಅವರ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಕೀಪರನ ಕೈ ಸೇರಿತು. ಸದ್ದು ಎಲ್ಲರಿಗೂ ಕೇಳಿಸಿತ್ತು. ಕೀಪರ್ ಏನೂ ಆಗದವನಂತೆ ಚೆಂಡು ಹಿಂದಕ್ಕೆಸೆದ.

"ಕೋಯಿ ನಹೀ ಪೂಛೇಗಾ?" ಎಂದರು ಸಾಹೇಬರು. ಯಾರೂ ಕೇಳುವುದಿಲ್ಲವೇ? ಬೌಲರ್ ಚೆಂಡು ಒರೆಸುತ್ತ ಹಿಂದಕ್ಕೆ ನಡೆದ. ಅವರ ಮುಖ ಕೆಂಪಾಯಿತು. ನನ್ನತ್ತ ತಿರುಗಿ ತಾವೇ ಕೂಗಿದರು: "ಹೌ ಈಸ್ ದ್ಯಾಟ್?"

ನಾನು ಬೆರಳೆತ್ತಿದೆ.

"ಎಂತ ಮಾರಾಯ, ಸಾಹೇಬ್ರಿಗೇ ಔಟ್ ಕೊಡುದಾ?" ಕ್ಯಾಪ್ಟನ್ ಗದರಿದ.

"ಅವರೇ ಕೇಳಿದ್ರಲ್ಲ!"

"ಕೇಳಿದ್ರೆ ಕೊಡುದಾ? ನೀನು ಅವ್ರ ಜೀಪ್ ಕೇಳು, ಕೊಡ್ತಾರಾ ನೋಡ್ವ!"

ನಾವು ಆಟ ನಿಲ್ಲಿಸಿ ಗೋಳಿಬಜೆಗೆ ಕೂತೆವು. ಸಾಹೇಬರು ಕುಂಟುತ್ತ ಜೀಪನ್ನು ದಾಟಿ ನಮ್ಮ ಕಡೆ ಬಂದರು. ಕೀಪರ್ ಸರಿದು ಕೂತು ಪೊಟ್ಟಣ ಮುಂದಿಟ್ಟ. ಚಟ್ನಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಇರಬೇಕು.

ಮುಂದೆ ಕೆಲವು ಶುಕ್ರವಾರ ಬಂದರು, ಬೇಗಬೇಗ ಔಟಾದರು. ಆಮೇಲೆ ಜೀಪು ಬರಲಿಲ್ಲ. ಗುತ್ತಿಗೆ ಮುಗಿದಿರಬೇಕು.

ಈಗ ಮಂಗಳೂರಲ್ಲಿರುವ ಕೀಪರ್ ಮೊನ್ನೆ ಫೋನಿನಲ್ಲಿ, "ನೀ ಎಲ್ಲಿ ಬೆರಳೆತ್ತಿದ್ದು? ಕಂಬದ ಹಾಗೆ ನಿಂತಿದ್ದಿ. ಅವ್ರೇ ನಡ್ದು ಬಂದದ್ದು" ಎಂದ. ಇರಬಹುದು. ನನ್ನ ನೆನಪಿನಲ್ಲಿ ಆ ಬೆರಳು ತೀರಾ ನೆಟ್ಟಗಿದೆ, ಅದಕ್ಕೇ ಅನುಮಾನ. ಆದರೆ ನಾವು ಚಾಪೆ ಸುತ್ತುವವರೆಗೂ ಆ ಸಂಜೆ ಜೀಪಿನಲ್ಲಿ ಯಾರೂ ಕೂತಿರಲಿಲ್ಲ. ಅದನ್ನು ಅವನೂ ಒಪ್ಪುತ್ತಾನೆ.