ದಿಂಡಿಗದ ಮೂರು ಬಣ್ಣ

ಇಲ್ಲ, ಪುಟ್ಟಮ್ಮ ಅದನ್ನು ಕೇಳಿದ್ದು ನನ್ನನ್ನೇ ಇರಬೇಕು. ಆದರೆ ಆ ದಿನದ ನನ್ನ ಟಿಪ್ಪಣಿಯಲ್ಲಿ ‘ಅರಣ್ಯ ರಕ್ಷಕರನ್ನು ಕೇಳಿದರು’ ಎಂದಿದೆ. ಯಾವುದನ್ನು ನಂಬಲಿ? ಪ್ರಶ್ನೆಯಂತೂ ಇದೇ: “ನಾಳೆಯಿಂದ ಮೇಕೆ ಎಲ್ಲಿಗ್ ಹೊಡ್ಕೊಂಡೋಗ್ಲಿ ಸಾ?”

ಆಕೆ ಕೂಟಗಲ್ ಕಡೆಯ ಗುಡ್ಡವೊಂದರ ಬುಡದಲ್ಲಿ ಮೇಕೆ ಸಾಕಿಕೊಂಡಿದ್ದವರು. ನಾನು ಉಪಗ್ರಹ ಚಿತ್ರಗಳಿಂದ ಕಾಡಿನ ಜೀವವೈವಿಧ್ಯ ಅಂದಾಜಿಸುವ ಯೋಜನೆಯಲ್ಲಿದ್ದೆ. ಬೇರೆ ಬೇರೆ ಮರಗಳ ಎಲೆ ಬೆಳಕನ್ನು ಬೇರೆ ಬೇರೆ ರೀತಿ ಪ್ರತಿಫಲಿಸುತ್ತದೆ. ಆ ವ್ಯತ್ಯಾಸ ಹೆಚ್ಚಿದ್ದಲ್ಲಿ ಮರಗಳ ಬಗೆಯೂ ಹೆಚ್ಚೆಂದು ನಮ್ಮ ಮೆಷಿನ್ ಲರ್ನಿಂಗ್ ಮಾಡೆಲ್ ಲೆಕ್ಕ ಹಾಕುತ್ತಿತ್ತು. ಗುಡ್ಡದ ಪೂರ್ವದ ಇಳಿಜಾರು ಬಹಳ ಸಮೃದ್ಧ ಎಂದಿತು. ಅಲ್ಲಿ ಮೇಯಿಸುವುದನ್ನು ನಿಲ್ಲಿಸಬೇಕೆಂದು ಕರಡು ವರದಿಯಲ್ಲಿ ನಾನೇ ಬರೆದೆ. ಆ ಇಳಿಜಾರಿಗೆ ಕಾಲಿಟ್ಟಿರಲಿಲ್ಲ. ಮಾಡೆಲ್‌ಗೆ ಕಲಿಸಲು ನಾನು ಗುರುತಿಸಿದ ಮರಗಳೆಲ್ಲ ಜೀಪಿನ ದಾರಿಯ ಪಕ್ಕದವು. ವಿಷಯ ತಿಳಿಸಲು ಅರಣ್ಯ ರಕ್ಷಕರೊಂದಿಗೆ ಗುಡ್ಡದ ಬುಡಕ್ಕೆ ಹೋದಾಗಲೇ ಪುಟ್ಟಮ್ಮ ಆ ಪ್ರಶ್ನೆ ಕೇಳಿದ್ದು.

“ಇಲ್ಲಿ ತರಾವರಿ ಮರ ಇವೆಯಮ್ಮ, ಉಳಿಸಬೇಕು,” ಎಂದೆ.

“ತರಾವರಿಯಾ? ಬನ್ನಿ ಸಾ, ಒಸಿ ತೋರ್ಸಿ.”

ಮೂವರೂ ಹತ್ತಿದೆವು. ಒಂದು ಕಡೆ ತಿಳಿಹಸಿರು, ಒಂದು ಕಡೆ ಕಡುಹಸಿರು, ಮತ್ತೊಂದು ಕಡೆ ಬೋಳು ಕೊಂಬೆಗಳು. ಆಕೆ ಕಾಂಡವೊಂದನ್ನು ತಟ್ಟಿದರು.

“ಎಲ್ಲಾ ದಿಂಡಿಗ್ವೇ ಕಣ್ ಸಾ. ಇದು ಮೊನ್ನೆ ಸೊಪ್ಪು ಸವರಿದ್ದು. ಅದು ಅದ್ಕೂ ಮುಂಚೆ, ಚಿಗುರ್ಕೊಂಡೈತೆ. ಆ ಕಡೇದ್ನ ಇನ್ನೂ ಮುಟ್ಟಿಲ್ಲ. ಒಂದೇ ಸಲ ಬೋಳ್ಸುದ್ರೆ ಮರ ಬದುಕ್ತದಾ?”

ರಕ್ಷಕರು ನಕ್ಕರು. ಆಕೆ ಬಿಡಲಿಲ್ಲ: “ಒಂದ್ ಮಗೀಗೆ ತಲೆ ಬೋಳ್ಸಿ, ಇನ್ನೊಂದುಕ್ಕೆ ಜುಟ್ಟು ಬುಟ್ರೆ ಬ್ಯಾರೆ ಅವ್ವನ ಮಕ್ಳಾಗೋಯ್ತಾವಾ? ನಿಮ್ ಕಂಪ್ಯೂಟ್ರುನ್ನ ಒಂದ್ಸಲ ಇಲ್ಲಿಗ್ ಕರ್ಕೊಂಬನ್ನಿ.”

ಮೇವಿಗಾಗಿ ಆಕೆ ಸರದಿಯಂತೆ ಸೊಪ್ಪು ಸವರಿದ್ದನ್ನೇ ಮಾಡೆಲ್ ಮರದ ಬಗೆಗಳೆಂದು ಎಣಿಸಿತ್ತು. ಎರಡು ದಿನ ನಡೆದು ನೋಡಿದೆವು, ಹೆಚ್ಚಿನವು ದಿಂಡಿಗವೇ. ಮೇಯಿಸುವುದನ್ನು ನಿಲ್ಲಿಸಬೇಕೆಂಬ ಸಾಲನ್ನು ಹೊಡೆದುಹಾಕಿದೆ.

“ಹಾಗಾದರೆ ಬಡ ಕಾಡು ಅಂತ ಬರೀತೀರಾ?” ಎಂದರು ನನ್ನ ಮೇಲಧಿಕಾರಿ.

ಹಾಗೆ ಬರೆಯಲು ಕೈ ಬರಲಿಲ್ಲ. ಬಡ ಕಾಡೆಂದು ಬರೆದರೆ ನಾಳೆ ಅದನ್ನು ಕಡಿಯಲು ಕೇಳುವವರು ಬರುತ್ತಾರೆ. ‘ಮಾಹಿತಿ ಸಾಲದು’ ಎಂದು ಬರೆದು, ನಕ್ಷೆಯಲ್ಲಿ ಆ ಇಳಿಜಾರಿಗೆ ಬಣ್ಣ ತುಂಬದೆ ಬಿಟ್ಟೆ. ಅಂದಿನಿಂದ ಯಾವ ಕಾಡಿನ ಚಿತ್ರ ತೆರೆದರೂ, ಅಲ್ಲಿ ಸೊಪ್ಪು ಯಾರು ತರುತ್ತಾರೆಂದು ಮೊದಲು ವಿಚಾರಿಸುತ್ತೇನೆ.

ಪುಟ್ಟಮ್ಮನ ಮೇಕೆಗಳು ಅಲ್ಲೇ ಮೇಯುತ್ತಿವೆ. ಅವು ತಿಂದು ಮುಗಿಸಿದ ಗಿಡಗಳು ಯಾವುವು, ಸವರಿದ ಕೊಂಬೆಗಳ ನಡುವೆ ಬಿಸಿಲು ಬಿದ್ದು ಹುಟ್ಟಿದವು ಯಾವುವು, ನನಗೆ ಗೊತ್ತಿಲ್ಲ.