ಒಂಬತ್ತನೇ ನಂಬರಿನ ಶೂ

ಮೂರು ವರ್ಷದ ಹಿಂದಿನ ಶ್ರಾವಣ. ಬಳಿಚಕ್ರ ಎಂಬ ಹಳ್ಳಿಯ ನನ್ನ ತವರಿನವರ ಬಾಯಲ್ಲಿ ನಾನಾಗ ಹೊಸದಾಗಿ ‘ಗ್ಯಾಂಗ್‌ಮನ್ ಶರಣಮ್ಮ’ ಆಗಿದ್ದೆ. ರೈಲ್ವೆ ಪರೀಕ್ಷೆ ಪಾಸಾಗಿ, ಯಾದಗಿರಿ ಹತ್ತಿರ ಹಳಿ ದುರಸ್ತಿ ಮಾಡುವ ಗ್ಯಾಂಗಿಗೆ ಸೇರಿ ಹತ್ತು ತಿಂಗಳಾಗಿತ್ತು. ಹನ್ನೆರಡು ಜನರಲ್ಲಿ ಹೆಂಗಸು ನಾನೊಬ್ಬಳೇ. ಹೊಲದಲ್ಲಿ ಬೆಳೆದವಳು, ಹಾರೆ ಹಿಡಿಯುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ನನ್ನ ತೊಂದರೆಯೆಲ್ಲ ಇದ್ದದ್ದು ಕಾಲಿನಲ್ಲಿ.

ಅದೂ ನಾನೇ ಮಾಡಿಕೊಂಡದ್ದು. ಕೆಲಸಕ್ಕೆ ಸೇರಿದ ದಿನ ಸುರಕ್ಷತೆಯ ಶೂ ಕೊಡಲು ಎಲ್ಲರ ಕಾಲಿನ ನಂಬರ್ ಬರೆದುಕೊಳ್ಳುತ್ತಿದ್ದರು. ಶಹಾಪುರದ ಸಂತೆಯಲ್ಲಿ ಚಪ್ಪಲಿ ಮೆಟ್ಟಿ ನೋಡಿ ತಂದೇ ರೂಢಿ ನನಗೆ. ನನ್ನ ನಂಬರ್ ಯಾರು ಕಂಡಿದ್ದರು? ಮುಂದೆ ನಿಂತವನು ‘ಒಂಬತ್ತು’ ಎಂದ. ಗೊತ್ತಿಲ್ಲ ಎಂದರೆ ನಕ್ಕಾರು ಎಂದು ನಾನೂ ಗಟ್ಟಿಯಾಗಿ ‘ಒಂಬತ್ತು’ ಎಂದುಬಿಟ್ಟೆ. ಶೂ ಬಂದ ದಿನ ನಮ್ಮ ಅತ್ತೆ ಅವನ್ನು ತಿರುಗಿಸಿ ನೋಡಿ, “ಇವು ಬೂಟೇನs ಯವ್ವಾ, ಎಮ್ಮಿಗಿ ಮೇವು ಹಾಕೂ ಗ್ವಾದಲಿ ಆಗ್ಯಾವಲ್ಲ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬದಲಿಸಿ ಕೊಡಿ ಎಂದು ಕೇಳಬಹುದಿತ್ತು. ಆದರೆ ‘ಇದು ಹೆಂಗಸರ ಕೆಲಸ ಅಲ್ಲ’ ಎಂದು ಯಾರಾದರೂ ಅಂದುಬಿಟ್ಟರೆ? ಆ ಹೆದರಿಕೆಗೆ ಹಳೇ ಸೀರೆಯ ಚಿಂದಿ ಒಳಗೆ ತುರುಕಿ, ಲೇಸನ್ನು ಕಣಕಾಲಿಗೆ ಎರಡು ಸುತ್ತು ಬಿಗಿದು ಗಂಟು ಹಾಕಿಕೊಂಡು ಹತ್ತು ತಿಂಗಳು ನಡೆದೆ.

ಅವತ್ತು ಬೆಳಿಗ್ಗೆ ಹಳಿಯ ಕೆಳಗಿನ ಜಲ್ಲಿ ಬಿಡಿಸುತ್ತಿದ್ದೆವು. ನಾವು ಕೆಲಸ ಮಾಡುವಾಗ ಒಬ್ಬರು ದೂರದಲ್ಲಿ ಸೀಟಿ, ಬಾವುಟ ಹಿಡಿದು ಗಾಡಿ ಬರುವುದನ್ನೇ ನೋಡುತ್ತ ನಿಲ್ಲಬೇಕು. ಸೀಟಿ ಕೇಳಿದ ಕೂಡಲೇ ಉಳಿದವರು ಹಳಿ ಬಿಟ್ಟು ಹೊರಬರಬೇಕು. ಅದು ಕಾಯ್ದೆ. ಅಂದು ಸೀಟಿ ಖಾಜಾಸಾಬನ ಕೈಯಲ್ಲಿತ್ತು. ಅವನು ಊದಿದ, ಎಲ್ಲರೂ ಹೊರಗೆ ಹಾರಿದರು. ನಾನೂ ಹಾರಬೇಕು, ನೋಡಿದರೆ ಶೂವಿನ ಮೂತಿ ಹಳಿಯ ಕೆಳಗಿನ ಕುಳಿಯಲ್ಲಿ ಸಿಕ್ಕಿಕೊಂಡಿದೆ. ಎಳೆದೆ, ಬರಲಿಲ್ಲ. ಕಾಲನ್ನಾದರೂ ತೆಗೆಯೋಣವೆಂದರೆ ನಾನೇ ಹಾಕಿದ ಗಂಟು ಬಿಚ್ಚಲೊಲ್ಲದು. ದೂರದಲ್ಲಿ ಎಂಜಿನ್ ಕಾಣುತ್ತಿತ್ತು, ಖಾಜಾಸಾಬ್ ಕೆಂಪು ಬಾವುಟ ಬೀಸುತ್ತಿದ್ದ, ಆದರೆ ಆ ವೇಗದ ಗಾಡಿ ಅಷ್ಟು ಬೇಗ ನಿಲ್ಲುವುದಲ್ಲ.

ಆಗ ನಮ್ಮ ಗ್ಯಾಂಗಿನ ಹಿರಿಯ, ಮೇಟ್ ಭೀಮರಾಯ ಕಾಕಾ, ಓಡಿ ಬಂದು ನನ್ನ ಕಾಲ ಹತ್ತಿರ ಕುಕ್ಕರಿಸಿದರು. ಎಲೆಅಡಿಕೆ ಚೀಲದಿಂದ ಚಾಕು ತೆಗೆದು ಲೇಸನ್ನು ಕಚಕ್ಕನೆ ಕೊಯ್ದರು. “ಎಳಿ ಕಾಲ!” ಎಂದು ಚೀರಿದರು. ಎಳೆದೆ. ಇಬ್ಬರೂ ಇಳಿಜಾರಿನಲ್ಲಿ ಉರುಳಿ ಬಿದ್ದೆವು. ಗಾಡಿ ಹೋದ ಮೇಲೆ ನೋಡಿದರೆ ಶೂ ಎರಡು ತುಂಡಾಗಿತ್ತು. ನನ್ನ ಕಾಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಉಸಿರು ಬಂದ ಕೂಡಲೇ ನಾನು ಹೇಳಿದ ಮೊದಲ ಮಾತು: “ಕಾಕಾ, ಕೈ ಮುಗೀತೀನಿ, ಮ್ಯಾಲಿನವರಿಗಿ ಹೇಳಬ್ಯಾಡ್ರಿ. ನನ್ನ ಲೈನ್ ಮ್ಯಾಲಿಂದ ತಗದು ಆಫೀಸಿನ್ಯಾಗ ಕಸಾ ಹೊಡ್ಯಾಕ ಹಾಕ್ತಾರ.”

“ಹೇಳಾಂವನs ತಂಗಿ. ಇವತ್ತ ಮುಚ್ಚಿಟ್ರ ನಾಳಿ ಮತ್ತೊಬ್ಬರು ಸಿಗಬೀಳ್ತಾರ. ಕಾಯ್ದೆ ಸುಮ್ಮ ಮಾಡ್ಯಾರೇನು?” ಎಂದು ಅವರು ಅಂದೇ ವರದಿ ಕೊಟ್ಟುಬಿಟ್ಟರು. ಜೀವ ಉಳಿಸಿದವರ ಮೇಲೆ ನನಗೆಂಥ ಸಿಟ್ಟು ಬಂತೆಂದರೆ, ದಿನವೂ ಊಟಕ್ಕೆ ಅವರಿಗೆ ಕೊಡುತ್ತಿದ್ದ ಶೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿಯನ್ನು, ನಾಲ್ಕು ದಿನ ಕೊಡಲಿಲ್ಲ. ಅವರು ಬರೀ ರೊಟ್ಟಿ, ಉಳ್ಳಾಗಡ್ಡಿ ತಿಂದು ಎದ್ದು ಹೋಗುತ್ತಿದ್ದರು.

ಐದನೇ ದಿನ ಸುರಕ್ಷತೆ ನೋಡಿಕೊಳ್ಳುವ ಸಾಹೇಬರು ಬಂದರು. ಮೈಸೂರು ಕಡೆಯವರು. ಇಡೀ ಗ್ಯಾಂಗನ್ನು ಸಾಮಾನಿನ ಕೋಣೆಯಲ್ಲಿ ಕೂರಿಸಿ, “ಏನಮ್ಮ, ನಿಮ್ಮ ಶೂ ನಂಬರ್ ಎಷ್ಟು?” ಎಂದರು. ನಾನು ಇದ್ದದ್ದು ಇದ್ದಂತೆ ಹೇಳಿದೆ, ಚಿಂದಿಯ ಕಥೆಯನ್ನೂ ಬಿಡಲಿಲ್ಲ. ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರು ನಗಲಿಲ್ಲ. ನೆಲದ ಮೇಲೆ ಹಳೇ ಪೇಪರ್ ಹಾಸಿ, ನನ್ನ ಕಾಲು ಇಡಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಅಳೆದರು. ಐದನೇ ನಂಬರ್!

“ಸರ, ನನ್ನ ಲೈನ್ ಮ್ಯಾಲಿಂದ ತಗೀತೀರೇನ್ರಿ?” ಎಂದು ಕೇಳಿಯೇ ಬಿಟ್ಟೆ.

“ನಿಮ್ಮನ್ನ ಯಾಕಮ್ಮ ತೆಗೀಲಿ? ತೆಗೀಬೇಕಾದ್ದು ಆ ಶೂನ. ಸರಿಯಾದ ಶೂ ಕೇಳೋದು ನಿಮ್ಮ ಹಕ್ಕು. ಬೇರೆ ಯಾರಿಗಾದ್ರೂ ಅಳತೆ ತಪ್ಪಿದೆಯಾ?”

ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಂಡರು. ಆಮೇಲೆ ಖಾಜಾಸಾಬ್ ಮೆಲ್ಲಗೆ ಕೈ ಎತ್ತಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಏಳು ಕೈ ಮೇಲೆದ್ದವು! ಕೊನೆಯದು ಭೀಮರಾಯ ಕಾಕಾ ಅವರದು. ಅವರ ಶೂವಿನ ಮುಂಭಾಗವನ್ನು ಅದೇ ಚಾಕುವಿನಿಂದ ಸೀಳಿದ್ದರು. ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

“ನಂದು ಎಂಟರಿ ಸರ. ಬೇಕಾದದ್ದು ಒಂಬತ್ತರಿ. ಕೇಳಾಕ ನಾಚಿಕಿ ಬಂತ್ರಿ,” ಎಂದರು.

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಹತ್ತು ತಿಂಗಳು ಅವರ ನಂಬರಿನ ಶೂ ನನ್ನ ಕಾಲಲ್ಲಿತ್ತು! ಈ ಸಲ ಸಾಹೇಬರೂ ನಕ್ಕರು. ಅಂದು ಊಟಕ್ಕೆ ಕೂತಾಗ ನಾನು ಬುತ್ತಿ ಬಿಚ್ಚಿ, ನಾಲ್ಕು ದಿನದ ಬಾಕಿ ಹಿಂಡಿಯನ್ನು ಒಂದೇ ಸಲ ಕಾಕಾ ಅವರ ರೊಟ್ಟಿಯ ಮೇಲೆ ಸುರಿದೆ.

ಹೊಸ ಶೂ ದಸರೆಗೆ ವಾರವಿರುವಾಗ ಬಂದವು. ಆಯುಧ ಪೂಜೆಯನ್ನು ನಮ್ಮ ಕಡೆ ಖಂಡೆ ಪೂಜೆ ಎನ್ನುತ್ತೇವೆ. ಪೂಜೆಯ ವಿಷಯದಲ್ಲಿ ಕಾಕಾ ಬಲು ಕಟ್ಟುನಿಟ್ಟು. ಕಾಲು ತೊಳೆಯದೆ ಯಾರನ್ನೂ ಸಾಮಾನಿನ ಕೋಣೆಯೊಳಗೆ ಬಿಡುವವರಲ್ಲ. ಹಾರೆ, ಸುತ್ತಿಗೆ, ಬಾವುಟ, ಖಾಜಾಸಾಬನ ಸೀಟಿ, ಎಲ್ಲ ಸಾಲಾಗಿಟ್ಟು ವಿಭೂತಿ ಹಚ್ಚಿದರು. ಆಮೇಲೆ ಎದ್ದು ಹೊರಗೆ ಹೋದರು. ಬಾಗಿಲಲ್ಲಿ ನಾನು ಬಿಟ್ಟಿದ್ದ ಐದನೇ ನಂಬರಿನ ಶೂ ಎತ್ತಿಕೊಂಡು ಬಂದು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಬಾವುಟದ ಪಕ್ಕದಲ್ಲಿಟ್ಟರು.

“ಕಾಕಾ, ಬೂಟ್ ಅವು!” ಎಂದು ಯಾರೋ ಗಾಬರಿಯಾಗಿ ಅಂದರು.

“ಗೊತ್ತದ ಬಿಡು. ನಮ್ಮ ಹುಡುಗಿ ಜೀವಾ ಕಾಯೂವು,” ಎಂದು ಎರಡಕ್ಕೂ ಒಂದೊಂದು ಚೆಂಡುಹೂ ಏರಿಸಿದರು. ನನಗೆ ಕಣ್ಣು ತುಂಬಿ ಆರತಿಯೇ ಕಾಣಲಿಲ್ಲ.

ಉಳಿದ ಒಂಬತ್ತನೇ ನಂಬರಿನ ಒಂಟಿ ಶೂನಲ್ಲಿ ಅತ್ತೆ ಮಣ್ಣು ತುಂಬಿ ಪುದೀನ ಹಚ್ಚಿದ್ದಾರೆ, ಚೆನ್ನಾಗಿ ಹಬ್ಬಿದೆ. ನನಗೆ ಈಗ ಕೇಳಲು ನಾಚಿಕೆಯಿಲ್ಲ. ಮಳೆಕೋಟು ಹರಿದರೆ, ಸೀಟಿ ಸರಿಯಾಗಿ ಕೇಳದಿದ್ದರೆ ಮೊದಲು ಬಾಯಿ ಬಿಡುವವಳು ನಾನೇ. “ಬಂದಳಪಾ ಐದನೇ ನಂಬರ್!” ಎಂದು ಗ್ಯಾಂಗಿನವರು ನಗುತ್ತಾರೆ. ನಗಲಿ. ಸಂಜೆ ಹನ್ನೆರಡು ಜನವೂ ನಗುತ್ತ ಮನೆಗೆ ಹೋಗುತ್ತೇವೆ.