ಕಸ್ತೂರೆವ್ವ ತಾರೀಕು ಹೇಳಲಿಲ್ಲ

ಬೆಟಗೇರಿಯ ಕಸ್ತೂರೆವ್ವನಷ್ಟು ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದಂತೆ. ಆಡುವವನೇ ನಾನು. ಅವಳ ಬೈಠಕ್ಕಿನಲ್ಲಿ ವರ್ಷಗಟ್ಟಲೆ ಹಾರ್ಮೋನಿಯಂ ಪೇಟಿ ನುಡಿಸಿದವನಿಗೆ ಅಷ್ಟೂ ಹಕ್ಕಿಲ್ಲವೇ?

ಗಂಡ ತೀರಿಕೊಂಡ ಮೇಲೆ ಅವಳು ಮನೆಯ ಮುಂದಿನ ಪಡಸಾಲೆಯಿಂದ ಕೈಮಗ್ಗಗಳನ್ನು ತೆಗೆಸಿ, ಜಮಖಾನೆ ಹಾಸಿ, ತಿಂಗಳಿಗೊಮ್ಮೆ ಹಾಡಿಕೆ ಇಡತೊಡಗಿದಳು. ಅದೂ ಅಮಾವಾಸ್ಯೆಗೆ. ಅಂದು ನಮ್ಮ ಓಣಿಯ ನೇಕಾರರು ಮಗ್ಗ ಮುಟ್ಟುವುದಿಲ್ಲ. ಉಳಿದ ದಿನ ಲಾಳಿಯ ಖಟಖಟದಲ್ಲಿ ಪಕ್ಕದವನ ಮಾತೇ ಕೇಳದು, ಇನ್ನು ಆಲಾಪ ಎಲ್ಲಿಂದ ಕೇಳಬೇಕು? ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಹಾಡುಗಾರರೆಲ್ಲ ಬಂದು ಹಾಡಿ ಹೋಗಿದ್ದಾರೆ.

ಆ ಪಡಸಾಲೆಯ ಮೇಲೆ ಅವಳ ಮೈದುನ ಪುಂಡಲೀಕಪ್ಪನ ಕಣ್ಣಿತ್ತು. ಅಲ್ಲಿ ಕರೆಂಟಿನ ಮಗ್ಗ ಹಾಕಬೇಕೆಂದು ದಿನಾ ಜಗಳ ತೆಗೆಯುತ್ತಿದ್ದ. ಕೊನೆಗೆ ಓಣಿಯ ಹಿರಿಯರು ಕೂತು ತೀರ್ಮಾನ ಮಾಡಿದರು. ಅಮಾವಾಸ್ಯೆಗೆ ಪರಊರಿನವರ ಹಾಡಿಕೆ ನಡೆಯುವವರೆಗೆ ಜಾಗ ಅವಳದು, ಒಂದು ಸಲ ತಪ್ಪಿದರೂ ಪುಂಡಲೀಕಪ್ಪನದು. ಇವಳು ಮೂಗು ಮುರಿದು, "ಆತೇಳ್ರಿ" ಎಂದಳು.

ಇಷ್ಟೆಲ್ಲ ಪಣಕ್ಕಿಟ್ಟವಳು ಹಾಡುಗಾರರಿಗೆ ಕಳಿಸುತ್ತಿದ್ದ ಖಬರು ಕೇಳಿರಿ: "ಅಮಾಸಿಗೆ ಬರ್ರಿ." ಅಷ್ಟೇ. ಬಸ್ಸಿನ ಕಂಡಕ್ಟರನಿಗೋ ಸಂತೆಗೆ ಹೊರಟವರಿಗೋ ಹೇಳಿ ಕೈ ತೊಳೆದುಕೊಳ್ಳುವುದು. ತಾರೀಕಿಲ್ಲ, ವಾರವಿಲ್ಲ, ಬರುತ್ತೀರೋ ಇಲ್ಲವೋ ಎಂಬ ಕೇಳಿಕೆಯೂ ಇಲ್ಲ.

"ಯಕ್ಕಾ, ಒಂದು ಕಾರ್ಡ್ ಹಾಕು, ತಾರೀಕು ಬರಸು" ಎಂದು ನಾನು ಬಡಿದುಕೊಳ್ಳುತ್ತಿದ್ದೆ.

"ಅಮಾಸಿ ಯಾವತ್ತಂತ ಗೊತ್ತಿಲ್ಲದವ ಏನ್ ಹಾಡ್ತಾನೋ ಸಕ್ರಪ್ಪ? ತಾರೀಕು ಕಚೇರಿ ಮಂದಿಗೆ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಬರುವವರಾದರೂ ಎಂಥವರು? ಮುಂಡರಗಿಯ ಫಕ್ರುಸಾಬನದು ಒಳ್ಳೆಯ ಕಂಠ, ಕೆಟ್ಟ ಬಾಯಿ. ಎಪ್ಪತ್ತೆಂಟರ ಸುಗ್ಗಿಯಲ್ಲಿ ಅವನಿಗೂ ಅದೇ ಖಬರು ಹೋಯಿತು. "ಬರ್ತೀನಂತ ಹೇಳು" ಎಂದು ಕಂಡಕ್ಟರನಿಗೆ ಹೇಳಿದನಂತೆ. ಯಾವ ದಿನ ಎಂದು ಕೇಳಿದರೆ ಅವನ ಗಂಟೇನು ಹೋಗುತ್ತಿತ್ತೋ!

ಆ ತಿಂಗಳ ಅಮಾವಾಸ್ಯೆ ಒಂದು ಮಧ್ಯಾಹ್ನ ಹತ್ತಿ ಮರುದಿನ ಮಧ್ಯಾಹ್ನ ಇಳಿಯಿತು. ನಮ್ಮ ನೇಕಾರರು ಮೊದಲ ದಿನ ಹಿಡಿದರು. ಅಂದು ಸಂಜೆ ಪಡಸಾಲೆ ತುಂಬಿತು, ಫಕ್ರುಸಾಬನ ಸುಳಿವಿಲ್ಲ. ಜನ ಮೊದಲು ಆಕಳಿಸಿದರು, ಆಮೇಲೆ ಸೀಟಿ ಹೊಡೆದರು. ನಾನೇ ಪೇಟಿ ನುಡಿಸುತ್ತೇನೆಂದರೆ ಪುಂಡಲೀಕಪ್ಪ ಬಾಗಿಲಿಗೆ ಅಡ್ಡ ನಿಂತ.

"ನೀ ಯಾವ ಪರಊರಾಂವಲೇ? ವೈನಿ, ಅಮಾಸಿ ತಪ್ಪೇತಿ. ನಾಳೆ ಬಡಿಗ್ಯಾ ಬರ್ತಾನ."

ಹಾಗೆಂದು ಅವನು ನಕ್ಕ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಮರುದಿನ ಓಣಿಯ ಮಗ್ಗಗಳೆಲ್ಲ ಬಡಿಯುತ್ತಿದ್ದವು. ಬಡಿಗ ಪಡಸಾಲೆ ಅಳೆಯುತ್ತಿದ್ದ. ಆಗ ಬಂದ ನೋಡಿ ಮಹಾರಾಯ, ಕೌದಿ ಸುತ್ತಿದ ತಂಬೂರಿ ಹೆಗಲಿಗಿಟ್ಟುಕೊಂಡು!

"ನಿನ್ನಿ ಎಲ್ಲಿ ಸತ್ತಿದ್ದಿ?" ಕಸ್ತೂರೆವ್ವ ಕಿರುಚಿದಳು.

"ಬಾಯಿ ಬಿಗಿಹಿಡೀರಿ! ಅಮಾಸಿ ಇವತ್ತ. ನಮ್ಮೂರಾಗ ಒಬ್ಬರೂ ಎತ್ತಿನ ಹೆಗಲಿಗೆ ನೊಗ ಇಟ್ಟಿಲ್ಲ. ನಿಮ್ಮದು ಯಾವತ್ತಂತ ನೀವರ ಹೇಳಬೇಕಿತ್ತು!"

"ನೀನರ ಕೇಳಬೇಕಿತ್ತು!"

ಇಬ್ಬರೂ ಕೈ ಬೀಸಿ ಕೂಗಾಡಿದರು. ಮುಂದಿನ ಬೈಗುಳವನ್ನೆಲ್ಲ ಮಗ್ಗದ ಸದ್ದು ನುಂಗಿತು. ಇಬ್ಬರ ಕಪಾಳಕ್ಕೂ ಬಾರಿಸಬೇಕೆನ್ನಿಸಿತು ನನಗೆ. ಹಾಡಿಕೆ ಇವತ್ತಾದರೂ ಆಗಲಿ, ಮಗ್ಗ ನಿಲ್ಲಿಸಿ ಎಂದು ಮನೆಮನೆಗೆ ಹೋಗಿ ಕೇಳಿದೆ, ಒಬ್ಬನೂ ತಲೆ ಎತ್ತಲಿಲ್ಲ. ಫಕ್ರುಸಾಬ ಒಂದು ತಂಬಿಗೆ ನೀರನ್ನೂ ಮುಟ್ಟದೆ ತಿರುಗಿ ಹೋದ. ಅವಳು ಕೀಲಿಕೈಯನ್ನು ಮೈದುನನ ಕಾಲ ಬಳಿ ಎಸೆದು ಒಳಗೆ ನಡೆದಳು.

ಪಡಸಾಲೆಗೆ ಕರೆಂಟಿನ ಮಗ್ಗಗಳು ಬಂದವು. ಅವು ಅಮಾವಾಸ್ಯೆಗೂ ನಿಲ್ಲುವುದಿಲ್ಲ. ಅದರ ಹಿಂದಿನ ಕೋಣೆಯಲ್ಲೇ ಅವಳು ಮಲಗಿ ಏಳಬೇಕಿತ್ತು.

ಏಳೆಂಟು ವರ್ಷದ ಮೇಲೆ ಲಕ್ಷ್ಮೇಶ್ವರದ ಒಂದು ಅಡತಿ ಅಂಗಡಿಯ ಮಾಳಿಗೆಯಲ್ಲಿ ಫಕ್ರುಸಾಬನ ಹಾಡಿಕೆ ಇತ್ತು. ಕಸ್ತೂರೆವ್ವ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಹೊರಡುವ ಮೊದಲು ಯಾವ ತಾರೀಕು, ಯಾವ ವಾರ ಎಂದು ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಹೋಗಿ ನೇರ ಅವನ ಎದುರಿಗೇ ಕೂತಳು.

ಅವನು ಗುರುತು ಹಿಡಿದ. ತಂಬೂರಿ ಪಕ್ಕಕ್ಕಿಟ್ಟು ಎಲ್ಲರಿಗೂ ಕೇಳುವಂತೆ, "ಈ ಸಲ ದಿನ ಬರೋಬ್ಬರಿ ತಿಳೀತೇನ್ರಿ ಅವ್ವಾರ?" ಎಂದ. ಸಂಗತಿ ಬಲ್ಲವರು ಕಿಸಕ್ಕೆಂದರು. ನಾನು ಸಿಟ್ಟಿನಿಂದ ಏಳಹೋದೆ, ಅವಳು ನನ್ನ ಅಂಗಿ ಹಿಡಿದು ಕೂರಿಸಿದಳು.

"ತಿಳೀತು. ನೀ ಹಾಡು. ಅವತ್ತಿಂದು ಕೇಳೂದು ಬಾಕಿ ಐತಿ."

ನಗು ನಿಂತಿತು. ಫಕ್ರುಸಾಬ ತಲೆ ತಗ್ಗಿಸಿ ತಂಬೂರಿ ಶ್ರುತಿ ಮಾಡಿದ. ಹಾಡಿದ್ದು ಮಾತ್ರ ಹಾಳಾದವನು ಅದ್ಭುತವಾಗಿ ಹಾಡಿದ. ಜನ ವಾಹ್ ವಾಹ್ ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ, "ಹೆಂಗಿತ್ತು ಯಕ್ಕಾ?" ಎಂದು ಕೇಳಿದೆ.

"ನಮ್ಮ ಪಡಸಾಲ್ಯಾಗ ಇನ್ನೂ ಚಲೋ ಕೇಳ್ತಿತ್ತು" ಎಂದಳು.